ಮಣಿನಗರದ ಜೈ ಶ್ರೀಕೃಷ್ಣ

ಮಗಳನ್ನು ಕಳೆದುಕೊಂಡ ಗೆಳೆಯ ಗುಂಡಣ್ಣನನ್ನು ಕಾಣಲು ಗುಜರಾತಿನ ಮಣಿನಗರಕ್ಕೆ ಬಂದಿದ್ದೆ. ದೇವರೇ ಇಲ್ಲವೆಂದು ಅವನು ದೇವರ ಗೂಡಿಗೆ ಬೀಗ ಹಾಕಿ ಕುಳಿತಿದ್ದ. ಸಂಜೆ ನೆರೆಯ ಗುಜರಾತಿಗಳು ಬಿಳಿ ಬಟ್ಟೆಯುಟ್ಟು ಬಂದರು. ಮಾತಿಲ್ಲದೆ ಕುಳಿತಿದ್ದು, ಏಳುವಾಗ ಕೈಮುಗಿದು "ಜೈ ಶ್ರೀಕೃಷ್ಣ" ಎಂದರು. ಗುಂಡಣ್ಣನೂ ಒಬ್ಬೊಬ್ಬರಿಗೂ ಕೈಮುಗಿದು ಹಾಗೆಯೇ ಅಂದ.

"ದೇವ್ರ ಇಲ್ಲ ಅಂದಿದ್ಯಲ್ಲೋ?" ಎಂದು ಕೇಳಿದೆ.

"ಈಗೂ ಇಲ್ಲಂತೀನಿ. ಆದ್ರ ಅವರು ಹಂಗಂದಾಗ ಎದಿ ಸ್ವಲ್ಪ ಹಗುರ ಆಗ್ತದ. ಯಾಕಂತ ನನಗೂ ತಿಳೀವಲ್ದು."

ಸ್ಟೇಷನ್ನಿನಲ್ಲಿ ರೈಲು ಹೊರಟಾಗ, ಎಂಜಿನ್ನಿನ ಹೊಗೆಯ ನಡುವೆ ಅವನು ನನಗೂ ಕೈಮುಗಿದು "ಜೈ ಶ್ರೀಕೃಷ್ಣ" ಎಂದ. ನಾನು ಕಿಟಕಿಯಿಂದ ಬರೀ ಕೈಬೀಸಿದೆ.

ಈಗ ರೈಲು ಬರೋಡಾ ದಾಟಿದೆ. ಸಂಧ್ಯಾವಂದನೆಯನ್ನು ಒಂದು ದಿನವೂ ತಪ್ಪಿಸದ ನನ್ನ ಬಾಯಿಂದ ಅವನಿಗೆ ಕೊಡಬೇಕಿದ್ದ ಆ ಉತ್ತರ ಇನ್ನೂ ಹೊರಟಿಲ್ಲ.