ಹುಳು ಮನೆಯಲ್ಲಿರುವಾಗ ಹನುಕ್ಕಾ

ಮನುಷ್ಯರ ಧರ್ಮಗಳು ಎಷ್ಟೇ ಬೇರೆಯಾದರೂ ಅವೆಲ್ಲ ಕೊನೆಗೆ ಒಂದು ದೀಪದ ಮುಂದೆ ಬಂದು ನಿಲ್ಲುತ್ತವೆ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರ ಮನೆಯಲ್ಲಿ ರೇಷ್ಮೆ ಹುಳು ಇರಲಿಲ್ಲವೆಂದು ಕಾಣುತ್ತದೆ.

ಶಿಡ್ಲಘಟ್ಟದಿಂದ ಸ್ವಲ್ಪ ಒಳಗಿರುವ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕನೆಯ ತರಗತಿಯ ಮೇಷ್ಟ್ರು. ಎಲ್ಲ ಧರ್ಮಗಳ ಹಬ್ಬಗಳನ್ನೂ ಮಕ್ಕಳಿಗೆ ಪರಿಚಯಿಸಬೇಕೆಂದು ಒಂದು ವರ್ಷ ನಮ್ಮ ಹೆಡ್‌ಮಾಸ್ಟರಿಗೆ ಮನಸ್ಸಾಯಿತು. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡ ಹಾಗೆ ಹಬ್ಬಗಳ ಹಂಚಿಕೆ ನಡೆಯಿತು. ಯುಗಾದಿ, ಗಣೇಶ, ದೀಪಾವಳಿಗಳನ್ನು ಅವರು ತಾವೇ ಇಟ್ಟುಕೊಂಡರು. ಗೌರಿಬಿದನೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ಮೇಡಂ ಅಲೀಪುರದ ಮೊಹರಂ ಅನ್ನು ಹತ್ತಿರದಿಂದ ಕಂಡವರು. ಮುಸಲ್ಮಾನರ ಹಬ್ಬಗಳು ಅವರ ಪಾಲಿಗೆ ಹೋದವು. ಉಳಿದದ್ದು ಚಳಿಗಾಲದ ಎರಡು: ಕ್ರಿಸ್‌ಮಸ್ ಮತ್ತು ಯಹೂದಿಗಳ ಹನುಕ್ಕಾ. ಆ ದಿನ ನಾನು ರಜೆಯಲ್ಲಿದ್ದುದರಿಂದ ಅವೆರಡೂ ನನಗೆ ಬಂದವು.

ಕ್ರೈಸ್ತ ಧರ್ಮದ ಬಗ್ಗೆ ನನಗಿದ್ದ ಅನುಭವವೆಂದರೆ, ಚಿಕ್ಕಬಳ್ಳಾಪುರದಲ್ಲಿ ಚರ್ಚೊಂದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದು. ಯಹೂದಿಗಳನ್ನು ಬಸ್ಸಿನ ಕಿಟಕಿಯಿಂದಲೂ ನೋಡಿರಲಿಲ್ಲ. ಫೋನಿನಲ್ಲಿ ಓದಿ ತಯಾರಾದೆ.

ಪಾಠ ಚೆನ್ನಾಗಿಯೇ ನಡೆಯಿತು. ಹಿಂದೆ ಯಹೂದಿಗಳ ದೇವಾಲಯವನ್ನು ಶತ್ರುರಾಜನೊಬ್ಬ ಕೆಡಿಸಿದ್ದು, ಅವರು ಅದನ್ನು ಮತ್ತೆ ಗೆದ್ದುಕೊಂಡಾಗ ಒಂದೇ ದಿನಕ್ಕಾಗುವಷ್ಟು ಶುದ್ಧವಾದ ಎಣ್ಣೆ ಉಳಿದಿದ್ದು, ಆ ಎಣ್ಣೆ ಎಂಟು ದಿನ ಉರಿದದ್ದು, ಎಲ್ಲ ಹೇಳಿದೆ. ಅದಕ್ಕೇ ಎಂಟು ದಿನದ ಹಬ್ಬ, ದಿನಕ್ಕೊಂದರಂತೆ ಹೆಚ್ಚುವ ಎಂಟು ದೀಪ. ಒಂಬತ್ತನೆಯದೂ ಒಂದಿರುತ್ತದೆ, ಉಳಿದವನ್ನು ಹಚ್ಚುವುದಷ್ಟೇ ಅದರ ಕೆಲಸ. ಎಣ್ಣೆಯ ನೆನಪಿಗೆ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುತ್ತಾರೆ ಎಂದೂ ಹೇಳಿದೆ. ಈ ಕಡೆಯ ಮಾತು ಕೇಳಿದ ಮೇಲೆ ಆ ಧರ್ಮದ ಬಗ್ಗೆ ತರಗತಿಯಲ್ಲಿ ಯಾರಿಗೂ ಯಾವ ಸಂಶಯವೂ ಉಳಿಯಲಿಲ್ಲ.

"ಎಂಟು ದಿನಾನೂ ಬೋಂಡಾನಾ ಸಾರ್?" ಎಂದ ಒಬ್ಬ.

"ಎಂಟು ದಿನಾನೂ ಕಣಪ್ಪ."

"ನಾವ್ಯಾಕ್ ಸಾರ್ ಅವರೂರಲ್ಲಿ ಹುಟ್ಟಲಿಲ್ಲ?"

ಎರಡೂ ಹಬ್ಬ ಆ ವರ್ಷ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ಕ್ರಿಸ್‌ಮಸ್ಸಿನ ಮಾರನೆಯ ದಿನ ಒಂದೇ ಕಾರ್ಯಕ್ರಮದಲ್ಲಿ ಎರಡನ್ನೂ ಮುಗಿಸುವುದು, ಅಂದು ಶಾಲೆಯಲ್ಲೇ ಬೋಂಡಾ ಕರಿಯುವುದು ಎಂದಾಯಿತು. ಒಂಬತ್ತನೆಯ ದೀಪ ಹಿಡಿದು ಉಳಿದವನ್ನು ಹಚ್ಚುವವರು ಯಾರು ಎಂದು ಕೇಳಿದೆ. ಎರಡನೆಯ ಸಾಲಿನ ಒಬ್ಬ ಹುಡುಗಿ ಕೈ ಎತ್ತಲಿಲ್ಲ, ಎದ್ದೇ ನಿಂತಳು. ಅವಳಿಗೆ ಕಥೆ ಪೂರ್ತಿ ಬಾಯಿಗೆ ಬಂದಿತ್ತು. ಆದರೆ ಶಾಲೆಗೆ ಸೇರಿದಾಗಿನಿಂದ ಅವಳು ಒಂದು ಕಾರ್ಯಕ್ರಮದಲ್ಲೂ ನಿಂತವಳಲ್ಲ. ಪ್ರತಿಸಲ ಹೆಸರು ಕೊಡುವಳು, ಪ್ರತಿಸಲ ಅದೇ ಹೊತ್ತಿಗೆ ಮನೆಯಲ್ಲಿ ಹುಳುವಿನ ಕೆಲಸ ಬೀಳುವುದು. ಮಕ್ಕಳೆಲ್ಲ ನಕ್ಕರು. "ಇವಳು ಬರಲ್ಲ ಬಿಡಿ ಸಾರ್" ಎಂದರು. "ಈ ಸಲ ಬರ್ತೀನಿ" ಎಂದಳು. ದೀಪ ಅವಳಿಗೇ ಎಂದೆ.

ಮಾರನೆಯ ದಿನವೇ ಅಳುಮುಖ ಹೊತ್ತು ಬಂದಳು. ಅಜ್ಜಿ ಬೇಡವೆಂದಿದ್ದರು. ಸಂಜೆ ನಾನೇ ಅವರ ಮನೆಗೆ ಹೋದೆ. ಹುಳುವಿಗೆ ರೋಗ ತಗಲೀತೆಂದು ಹುಳು ಸಾಕುವ ಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಹೊಸಿಲಿಗೆ ಸುಣ್ಣದ ಪುಡಿ ಹಾಕಿದ್ದರು. ಹೀಗಾಗಿ ಯಹೂದಿ ಧರ್ಮದ ಸಾರವನ್ನು ಬೀದಿಯಲ್ಲಿ ನಿಂತೇ ವಿವರಿಸಬೇಕಾಯಿತು. ಅಜ್ಜಿ ಬಾಗಿಲಲ್ಲಿ ನಿಂತು ಕಡೆಯವರೆಗೂ ಕೇಳಿದರು.

"ಒಂದ್ ದಿನದ ಎಣ್ಣೆ ಎಂಟು ದಿನ ಉರೀತಾ?"

"ಉರೀತಂತಮ್ಮ."

"ಹರಳೆಣ್ಣೆ ಇರ್ಬೇಕು."

"ಆಲಿವ್ ಎಣ್ಣೆ ಅಂತೆ."

"ಅದೂ ಮಂದವಾಗಿರ್ತದಾ?"

ನಾನು ಫೋನ್ ತೆಗೆದು ಹುಡುಕತೊಡಗಿದೆ.

"ನೋಡಿ ಸಾರ್," ಎಂದರು ಅಜ್ಜಿ. "ಹುಳ ಕೊನೇ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು. ಇನ್ನು ತಿನ್ನೋದೇ ತಿನ್ನೋದು. ಈ ಮಗು ನಿಮ್ ಬೋಂಡದ ಬಾಣಲೆ ಹತ್ರ ನಿಂತು, ಆ ಹೊಗೆ ಬಟ್ಟೇಲೇ ಬಂದು ಸೊಪ್ಪು ಹಾಕಿದ್ರೆ ಅವು ಮೂಸೂ ನೋಡಲ್ಲ. ನಮ್ ಮನೇಲಿ ಒಗ್ಗರಣೆ ಕಂಡು ವಾರ ಆಯ್ತು."

"ಒಂದು ದಿನ ನೀವೇ ಸೊಪ್ಪು ಹಾಕಬಹುದಲ್ಲಮ್ಮ?"

"ಹಾಕ್ತೀನಿ. ಬಗ್ಗಿದವಳನ್ನ ಎತ್ತೋಕೆ ನೀವು ಬರ್ತೀರಾ?"

ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು. "ಅಜ್ಜೀ, ಸ್ನಾನ ಮಾಡ್ಕೊಂಡೇ ಒಳಗ್ ಬರ್ತೀನಿ."

"ಸುಮ್ನಿರೇ. ಆಗಸ್ಟ್ ಹದಿನೈದಕ್ಕೂ ಹಿಂಗೇ ಅಂದಿದ್ದೆ."

"ಆವಾಗ ನೀನು ಕಳಿಸ್ಲೇ ಇಲ್ವಲ್ಲ!"

"ಕಳಿಸ್ಲಿಲ್ಲ. ಗೂಡು ಎಷ್ಟು ಚೆನ್ನಾಗಿ ಬಂತು!"

ಹುಡುಗಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದ ಸದ್ದಾಯಿತು. ಅಜ್ಜಿ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ, "ಎಣ್ಣೆ, ಹೊಗೆ, ವಾಸನೆ ಏನೂ ಇಲ್ದಂಗೆ ಮಾಡಿ, ಕಳಿಸ್ತೀನಿ. ನಿಮ್ದು ಇನ್ನು ಮೂರು ದಿನಕ್ಕೆ ತಾನೇ? ಹುಳ ಹಣ್ಣಾಗೋಕೆ ಅದರ ಮೇಲೂ ಎರಡು ದಿನ ಇದೆ" ಎಂದರು. ಯಹೂದಿಗಳನ್ನು ಕೇಳದೆಯೇ ನಾನು ಒಪ್ಪಿಕೊಂಡೆ.

ಎಣ್ಣೆಯ ಮಹಿಮೆಯನ್ನು ಸಾರುವ ಹಬ್ಬವನ್ನು ಒಂದು ತೊಟ್ಟು ಎಣ್ಣೆಯಿಲ್ಲದೆ ಆಚರಿಸುವುದು ಹೀಗೆ ನಿಶ್ಚಯವಾಯಿತು. ಶಿಡ್ಲಘಟ್ಟದ ಫ್ಯಾನ್ಸಿ ಸ್ಟೋರಿನಿಂದ ಬ್ಯಾಟರಿ ದೀಪಗಳನ್ನು ತಂದೆ. ಬೋಂಡದ ಬದಲು ಬಾಳೆಹಣ್ಣು ಎಂದಾಗ, ಯಹೂದಿಗಳ ಊರಲ್ಲಿ ಹುಟ್ಟಬೇಕೆಂದಿದ್ದ ಹುಡುಗ ನಮ್ಮೂರೇ ವಾಸಿ ಎಂದ. ಕ್ರಿಸ್‌ಮಸ್ಸಿಗೂ ಏಟು ಬಿತ್ತು. ಏಸುವಿಗೆ ಕಾಣಿಕೆ ತರುವ ಮೂವರು ಜ್ಞಾನಿಗಳಲ್ಲಿ ಒಬ್ಬ ಧೂಪ ತರಬೇಕು. ಆ ಪಾತ್ರದ ಹುಡುಗ ಮನೆಯಿಂದ ಸಾಂಬ್ರಾಣಿ ತಂದಿದ್ದ. ಹಚ್ಚಬಾರದು ಎಂದು ಅಪ್ಪಣೆ ಮಾಡಿದೆ. ಇನ್ನೊಬ್ಬ ತರಬೇಕಾದ ರಕ್ತಬೋಳ ಎಂದರೇನೆಂದು ನನಗೇ ಗೊತ್ತಿರಲಿಲ್ಲ. ಅವನು ತನಗೆ ತಿಳಿದ ಬೆಲೆಬಾಳುವ ವಸ್ತುವೆಂದು ಒಂದು ಹಿಡಿ ರೇಷ್ಮೆಗೂಡು ತಂದ. ಮಗುವನ್ನು ಮಲಗಿಸಲು ಹುಳು ಸಾಕುವ ಬಿದಿರಿನ ತಟ್ಟೆಯೇ ಆಯಿತು.

ಹೆಡ್‌ಮಾಸ್ಟರು ಬಂದು ನೋಡಿದರು. "ಏನ್ರೀ ಮೇಷ್ಟ್ರೇ, ಎಣ್ಣೆ ಹಬ್ಬ ಅಂತೀರಿ, ಎಣ್ಣೆ ಎಲ್ರೀ?"

"ಹುಡುಗಿ ಮನೇಲಿ ಹುಳ ಇದೆ ಸಾರ್. ನಾಲ್ಕನೇ ಜ್ವರ ಎದ್ದಿವೆ."

"ಓ," ಎಂದು ಹೊರಟುಹೋದರು. ಅವರದೂ ಹಿಪ್ಪುನೇರಳೆ ತೋಟವಿದೆ.

ಕಾರ್ಯಕ್ರಮದ ದಿನ ಎಲ್ಲರೂ ಬಂದರು, ಅವಳೊಬ್ಬಳು ಬರಲಿಲ್ಲ. ಪಕ್ಕದ ಮನೆಯ ಹುಡುಗಿ ಸುದ್ದಿ ತಂದಳು. "ಸಾರ್, ಅವರ ಹುಳ ಇವತ್ತೇ ಹಣ್ಣಾಗ್ಬಿಟ್ಟವೆ. ಎಲ್ಲಾರೂ ಆರಿಸ್ತಾ ಅವ್ರೆ."

ಹಣ್ಣಾದ ಹುಳು ಮೇವು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಸಿಕ್ಕಲ್ಲಿ ನೂಲು ಸುರಿದು ಹಾಳು ಮಾಡಿಕೊಳ್ಳುತ್ತದೆ. ಅಜ್ಜಿಯ ಲೆಕ್ಕ ಎರಡು ದಿನ ತಪ್ಪಿತ್ತು. ಅಜ್ಜಿಯನ್ನು ಬೈಯುವಂತಿರಲಿಲ್ಲ, ಹುಳುವನ್ನು ಬೈದು ಫಲವಿರಲಿಲ್ಲ.

"ಬೇರೆ ಯಾರ ಕೈಲಾದ್ರೂ ಸ್ವಿಚ್ ಒತ್ತಿಸಿ, ಮುಗಿಸಿ" ಎಂದರು ಹೆಡ್‌ಮಾಸ್ಟರು. ಕೂಡಲೇ ಏಳೆಂಟು ಕೈಗಳು ಎದ್ದವು. "ಹೇಳ್ಲಿಲ್ವಾ ಸಾರ್, ಅವಳು ಬರಲ್ಲ ಅಂತ" ಎಂದು ಒಬ್ಬ ನೆನಪಿಸಿದ.

ನಾನು ಎರಡು ಧರ್ಮಗಳನ್ನೂ ತೂಗಿ ನೋಡಿದೆ. ಕ್ರಿಸ್‌ಮಸ್ ಒಂದು ದಿನ ಬಂದು ಹೋಗುವ ಹಬ್ಬ. ಅದು ಆಗಲೇ ನಿನ್ನೆಯದಾಗಿತ್ತು. ಹನುಕ್ಕಾ ಹಾಗಲ್ಲ. ರೇಷ್ಮೆ ಬೆಳೆಯುವ ಊರಿಗೆ ಇಷ್ಟು ಅನುಕೂಲವಾದ ಹಬ್ಬವನ್ನು ನಾನು ಬೇರೆ ಕಂಡಿಲ್ಲ.

"ಇವತ್ತು ಕ್ರಿಸ್‌ಮಸ್ ಮಾತ್ರ ಸಾರ್," ಎಂದೆ. "ಯಹೂದಿಗಳದು ಇನ್ನೂ ವಾರ ಇದೆ. ಕೊನೇ ದಿನ ಇಟ್ಕೊಳ್ಳೋಣ."

"ಅವರು ಒಪ್ತಾರೇನ್ರೀ?"

"ಕೊನೇ ದಿನವೇ ಎಂಟೂ ದೀಪ ಉರಿಯೋದು ಸಾರ್. ಅದೇ ಸರಿಯಾದ ದಿನ."

ಇದು ನಿಜವೂ ಆಗಿತ್ತು. ಏಸು ಬಿದಿರು ತಟ್ಟೆಯಲ್ಲಿ ಹುಟ್ಟಿದ, ಮಕ್ಕಳು ಬಾಳೆಹಣ್ಣು ತಿಂದು ಮನೆಗೆ ಹೋದರು.

ಸಂಜೆ ಸುದ್ದಿ ಮುಟ್ಟಿಸಲು ಹೋದಾಗ ಅಂಗಳದಲ್ಲಿ ಚಂದ್ರಿಕೆಗಳನ್ನು ಒರಗಿಸಿದ್ದರು. ಹುಡುಗಿ ನನ್ನನ್ನು ಕಂಡರೂ ಕಾಣದವಳಂತೆ ಹುಳು ಬಿಡುತ್ತಲೇ ಇದ್ದಳು. ದೀಪ ಇನ್ನೂ ಹಚ್ಚಿಲ್ಲ, ಹಬ್ಬದ ಕೊನೆಯ ದಿನ ಅವಳೇ ಹಚ್ಚಬೇಕು ಎಂದೆ. ಅವಳು ನನ್ನನ್ನು ನೋಡಲಿಲ್ಲ, ಅಜ್ಜಿಯನ್ನು ನೋಡಿದಳು.

"ಅಷ್ಟೊತ್ತಿಗೆ ಇವೆಲ್ಲಾ ಗೂಡಲ್ಲಿರ್ತವೆ," ಎಂದರು ಅಜ್ಜಿ. "ಎಣ್ಣೇನಾದ್ರೂ ಸುರ್ಕೊಳ್ಳಿ, ಬೋಂಡಾನಾದ್ರೂ ಕರ್ಕೊಳ್ಳಿ. ಕಳಿಸ್ತೀನಿ."

ಕೊನೆಯ ದಿನ ಮೊದಲ ಗಂಟೆಗೂ ಮುಂಚೆಯೇ ಅವಳು ಬಂದು ತರಗತಿಯ ಬಾಗಿಲಲ್ಲಿ ಕೂತಿದ್ದಳು. ಬ್ಯಾಟರಿ ದೀಪಗಳನ್ನು ಬದಿಗಿಟ್ಟು ಮಣ್ಣಿನ ಹಣತೆಗಳಿಗೆ ಎಣ್ಣೆ ಹಾಕಿದೆವು. ದೀಪ ಹೊತ್ತು ಮುಳುಗಿದ ಮೇಲೆ ಹಚ್ಚುವಂಥದ್ದು. ನಾವು ಕಿಟಕಿಗಳನ್ನು ಮುಚ್ಚಿಕೊಂಡೆವು. ಒಂಬತ್ತನೆಯದನ್ನು ಕೈಯಲ್ಲಿ ಹಿಡಿದು ಉಳಿದ ಎಂಟನ್ನೂ ಅವಳೇ ಹಚ್ಚಿದಳು. ಬಾಗಿಲ ಗಾಳಿಗೆ ಮೂರು ಆರಿದವು, ಐದು ಉರಿದವು.