ಹೆಸರು ಓದಿದ ಮೇಡಂ

ಆ ಸೋಮವಾರ ನಮ್ಮ ಯಜಮಾನರು ಎಂದಿನಂತೆ ತುರ್ಭೆ ಮಾರುಕಟ್ಟೆಯಿಂದ ಈರುಳ್ಳಿ ಸಾಗಿಸಿ, ಸಂಜೆ ಟೆಂಪೊ ತೊಳೆದು, ಊಟ ಮಾಡಿ ಮಲಗಿದರು. ಮರುದಿನ ಬೆಳಿಗ್ಗೆ ಎದೆನೋವು ಬಂದು ತೀರಿಕೊಂಡರು. ಟೆಂಪೊ ನನ್ನ ಹೆಸರಿಗೆ ಆಗುವವರೆಗೆ ರಸ್ತೆಗೆ ಇಳಿಸುವಂತಿರಲಿಲ್ಲ. ಮನೆ ನಡೆಯುತ್ತಿದ್ದುದು ಅದರಿಂದಲೇ.

ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಯಿಸುವ ಕೌಂಟರಿನಲ್ಲಿದ್ದ ಮೇಡಂ ಸೊಲ್ಲಾಪುರದ ಕಡೆಯವರು. ಯಾರು ಅಳುತ್ತ ಬಂದರೂ ತಮ್ಮ ಬಾಟಲಿ ಮುಂದೆ ತಳ್ಳಿ, "ಮೊದ್ಲ ನೀರ ಕುಡೀರಿ" ಅನ್ನುತ್ತಿದ್ದರು.

ಗಾಡಿಯ ಮಾಲೀಕರ ಹೆಸರು ಕೇಳಿದಾಗ ನಾನು ಗಾಡಿಯ ಕಾಗದಗಳನ್ನು ಅವರ ಮುಂದೆ ಸರಿಸಿದೆ. ಗಂಡನ ಹೆಸರನ್ನು ನಾನು ಎಂದೂ ಹೇಳಿದವಳಲ್ಲ.

"ಭಾಭೀ, ನಾಮ್ ಬೋಲೋ, ಲೈನ್ ರುಕೀ ಹೈ," ಸಾಲು ನಿಂತಿದೆ, ಬೇಗ ಹೆಸರು ಹೇಳಿ ಎಂದು ಅವಸರಪಡಿಸಿದ ನನ್ನ ಹಿಂದಿದ್ದ ಏಜೆಂಟ್.

"ತೂ ಚುಪ್ ಬೈಠ್," ಎಂದು ಅವನನ್ನು ಗದರಿ ಮೇಡಂ ನನ್ನ ಕಡೆ ಬಾಗಿದರು. "ನಮ್ಮವ್ವನೂ ಹೇಳತಿದ್ದಿಲ್ರಿ ಅಕ್ಕಾ. ನಾನ ಓದ್ತೀನಿ, ನೀವು ಹೂಂ ಅನ್ರಿ."

ಅವರು ಮೆಲ್ಲಗೆ ಓದಿದರು. ನಾನು ಹೂಂ ಅಂದೆ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಟೆಂಪೊ ಈಗ ನನ್ನ ಹೆಸರಿನಲ್ಲಿದೆ, ನನ್ನ ತಮ್ಮ ಓಡಿಸುತ್ತಾನೆ. ಸಂಜೆ ಅದು ಮನೆ ಮುಂದೆ ನಿಂತಾಗ ಇಳಿದು ಬರುವವರು ಯಜಮಾನರಲ್ಲ.