ಗ್ಲೆನಿಸ್ ಮುಚ್ಚಿದ ಗೇಟು

ಬೆಳಗಿನ ಐದೂವರೆ. ಟಾರ್ಕೂನಾ ಊರಿನ ಡಾಂಬರು ಮುಗಿಯುವ ಕಡೆ ಗ್ಲೆನಿಸ್ ಟ್ರೆವೆನಾ ಮಂಡಿಯೂರಿ ಕೂತು ತಮ್ಮ ಜೀಪಿನ ಚಕ್ರಗಳ ಗಾಳಿ ಇಳಿಸುತ್ತಿದ್ದಾರೆ. ಮೂವತ್ತೆಂಟು ಪೌಂಡಿನಿಂದ ಹದಿನೆಂಟಕ್ಕೆ, ನಾಲ್ಕೂ ಚಕ್ರ. ಮೀಟರು ಕೈಯಲ್ಲಿದ್ದರೂ ನೋಡುವುದಿಲ್ಲ. ಗಾಳಿ ಹೊರಬೀಳುವ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತದೆ. ಬಿಗಿಯಾದ ಚಕ್ರ ಮರಳಿನಲ್ಲಿ ಹೂತುಹೋಗುತ್ತದೆ, ಸ್ವಲ್ಪ ಸೊರಗಿದ್ದು ಅಗಲವಾಗಿ ಹರಡಿ ಮೇಲೆಯೇ ಸಾಗುತ್ತದೆ. ಹಿಂದೆ ಒಂಬತ್ತು ಟಪಾಲು ಚೀಲ, ಒಂದು ನೀರಿನ ಪಂಪಿನ ಬಿಡಿಭಾಗ, ಅರವತ್ತು ಲೀಟರ್ ಕುಡಿಯುವ ನೀರು, ಎರಡು ಸ್ಟೆಪ್ನಿ. ಯಾರದೋ ಮಗಳ ಹುಟ್ಟುಹಬ್ಬದ ಕೇಕು ಮಾತ್ರ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಿದೆ. ಪತ್ರಿಕೆಯಿಂದ ಬಂದ ನನಗೆ ಹಿಂದಿನ ಸೀಟು.

ಇಲ್ಲಿಂದ ಹಳೇ ಒಂಟೆ ದಾರಿ ಶುರು. ದಾರಿ ಅನ್ನುವುದು ಮರ್ಯಾದೆಗೆ. ಕೆಂಪು ಮರಳಿನ ದಿಬ್ಬ, ಅದರಾಚೆ ಚೂಪು ಕಲ್ಲು, ಅದರಾಚೆ ಹಲ್ಲು ಉದುರಿಸುವ ಏರಿಳಿತ, ಮತ್ತೆ ದಿಬ್ಬ. ಚಳಿಗಾಲದಲ್ಲಿ ಪೇಟೆಯ ಜನ ಛಾವಣಿಯ ಮೇಲೆ ಡೇರೆ ಕಟ್ಟಿಕೊಂಡು ಇದೇ ದಾರಿಯಲ್ಲಿ ಬರುತ್ತಾರೆ. ಒಂದು ಸಲ ದಾಟಿದರೆ ವರ್ಷವಿಡೀ ಫೋಟೊ ತೋರಿಸುತ್ತಾರೆ, ಪತ್ರಿಕೆಗಳೂ ಸಾಹಸ ಅಂತ ಬರೆಯುತ್ತವೆ. ಅರವತ್ತಮೂರರ ಗ್ಲೆನಿಸ್ ಇದೇ ದಾರಿಯನ್ನು ವಾರಕ್ಕೊಮ್ಮೆ, ಹತ್ತೊಂಬತ್ತು ವರ್ಷದಿಂದ ದಾಟುತ್ತಿದ್ದಾರೆ. ಅವರ ಫೋಟೊ ಎಲ್ಲೂ ಬಂದಿಲ್ಲ. ಕಳೆದ ಮಳೆಗಾಲ ಅಂಥ ಇಬ್ಬರನ್ನು ಕೆಸರಿನಿಂದ ಎಳೆದು ಹಾಕಿದ್ದು ಇವರೇ.

ಟಪಾಲು ಗಾಡಿ ಓಡಿಸುತ್ತಿದ್ದ ಗಂಡ ಕೀತ್ ಸೊಂಟ ಮುರಿದುಕೊಂಡಾಗ ಎರಡೇ ತಿಂಗಳಿಗೆ ಅಂತ ಸ್ಟೀರಿಂಗ್ ಹಿಡಿದವರು ಇವರು. ಕೀತ್ ಎದ್ದು ಓಡಾಡಿದರು, ಸ್ಟೀರಿಂಗ್ ಮಾತ್ರ ವಾಪಸ್ ಕೇಳಲಿಲ್ಲ. ಎರಡು ದಿನದ ಸುತ್ತು, ಆರುನೂರ ಹತ್ತು ಕಿಲೋಮೀಟರು, ದನ ಸಾಕುವ ಒಂಬತ್ತು ಜಮೀನು, ಇಲ್ಲಿನವರ ಬಾಯಲ್ಲಿ ಸ್ಟೇಷನ್ನು. ಒಂದೊಂದು ಸ್ಟೇಷನ್ನೂ ಒಂದು ತಾಲ್ಲೂಕಿನಷ್ಟು ದೊಡ್ಡದು, ಒಳಗೆ ಇರುವುದು ನಾಲ್ಕೈದು ಜನ. ಹೋದ ವರ್ಷ ಇಪ್ಪತ್ತಮೂರು ಪಂಕ್ಚರ್. ಒಮ್ಮೆ ಆಕ್ಸಲ್ ತುಂಡಾಗಿ ನಲವತ್ತಾರು ಡಿಗ್ರಿ ಬಿಸಿಲಲ್ಲಿ ಗಾಡಿಯ ಅಡಿಯಲ್ಲೇ ಒಂದೂವರೆ ದಿನ ಮಲಗಿದ್ದರು. "ಗಾಡಿ ಬಿಟ್ಟು ನಡೀಬಾರ್ದು, ಅಷ್ಟೇ. ಸತ್ತೋರೆಲ್ಲ ನಡೆದೋರೇ," ಅನ್ನುತ್ತಾರೆ. ಪ್ರವಾಹ ಬಂದ ವಾರಗಳನ್ನು ಬಿಟ್ಟರೆ ಒಂದು ಸುತ್ತೂ ತಪ್ಪಿಸಿಲ್ಲ.

ಈ ಸುತ್ತಿನಲ್ಲಿ ನಲವತ್ತೇಳು ಗೇಟು. ಒಂಟಿ ಡ್ರೈವರಿಗೆ ಒಂದೊಂದು ಗೇಟಿಗೂ ಎರಡು ಸಲ ಇಳಿದು ಹತ್ತುವ ಕೆಲಸ: ತೆರೆಯೋದಕ್ಕೊಮ್ಮೆ, ದಾಟಿದ ಮೇಲೆ ಮುಚ್ಚೋದಕ್ಕೊಮ್ಮೆ. ಮಂಡಿ ಸವೆದಿದ್ದು ಡ್ರೈವಿಂಗಿನಿಂದಲ್ಲ, ಗೇಟಿನಿಂದ ಅನ್ನುತ್ತಾರೆ. ಈ ಸೀಮೆಯ ಕಾನೂನು ಒಂದೇ. ಗೇಟು ಮುಚ್ಚಿದ್ದರೆ ಮುಚ್ಚಿ ಹೋಗು, ತೆರೆದಿದ್ದರೆ ತೆರೆದೇ ಬಿಡು. ಯಾಕೆ ತೆರೆದಿದೆ ಅಂತ ತಲೆ ಓಡಿಸಬೇಡ. ಅನುಮಾನವಿದ್ದರೆ ರೇಡಿಯೊದಲ್ಲಿ ಕೇಳು. ಉತ್ತರ ಬರಲಿಲ್ಲವೋ, ಕೈ ಹಚ್ಚಬೇಡ. ಇಲ್ಲಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವುದು ಇದನ್ನೇ.

ಮಧ್ಯಾಹ್ನದ ಹೊತ್ತಿಗೆ ಮುಲ್ಗರಾ ಸ್ಟೇಷನ್ನಿನ ಪೂರ್ವದ ಗೇಟು ಬರುತ್ತದೆ. ಮುಚ್ಚಿದೆ. ಬೇರೆಲ್ಲ ಕಡೆ ಚಕಚಕನೆ ಇಳಿಯುವ ಗ್ಲೆನಿಸ್ ಇಲ್ಲಿ ಎಂಜಿನ್ ಆರಿಸುತ್ತಾರೆ. ಥರ್ಮಾಸಿನಿಂದ ಟೀ ಬಗ್ಗಿಸಿದರೂ ಕುಡಿಯುವುದಿಲ್ಲ. ಆಮೇಲೆ ತಾವಾಗಿಯೇ ಹೇಳತೊಡಗುತ್ತಾರೆ.

ಎಂಟು ವರ್ಷದ ಹಿಂದಿನ ಜನವರಿ, ಇಲ್ಲಿ ಅದು ಕಡು ಬೇಸಿಗೆ. ಈ ಗೇಟು ಹಾರು ಹೊಡೆದಿತ್ತು. ನೆಲದ ಮೇಲೆ ಪೇಟೆಯವರ ಗಾಡಿಯ ಹೊಸ ಚಕ್ರದ ಗುರುತು. ನೋಡಿದ ಕೂಡಲೇ ಗ್ಲೆನಿಸ್‌ಗೆ ಪಿತ್ತ ನೆತ್ತಿಗೇರಿತು, ತೆರೆದು ಬಿಟ್ಟು ಹೋಗಿದ್ದಾರೆ ಬೇಜವಾಬ್ದಾರಿಗಳು ಅಂತ. ರೇಡಿಯೊದಲ್ಲಿ ಎರಡು ಸಲ ಕರೆದರು, ಯಾರೂ ಸಿಗಲಿಲ್ಲ. ಸರಪಳಿ ಹಾಕಿ ಬಿಗಿದು ಮುಂದೆ ಹೋದರು. "ಹನ್ನೊಂದು ವರ್ಷ ಆಗಿತ್ತಲ್ಲ, ಎಲ್ಲಾ ನಂಗೇ ಗೊತ್ತು ಅಂದ್ಕೊಂಡಿದ್ದೆ. ಹೊಸಬಳಾಗಿದ್ರೆ ಮುಟ್ತಾನೇ ಇರ್ಲಿಲ್ಲ."

ಗೇಟನ್ನು ತೆರೆದಿಟ್ಟವರು ಪೇಟೆಯವರಲ್ಲ, ಸ್ಟೇಷನ್ನಿನ ಆಳು ಕ್ಲೈವ್ ಪೆಡ್ಲರ್. ಪೂರ್ವದ ಬಯಲಿನ ಪಂಪು ಕೆಟ್ಟಿತ್ತು. ದನಗಳು ಪಕ್ಕದ ಬಯಲಿನ ತೊಟ್ಟಿಗೆ ನಡೆದುಹೋಗಿ ನೀರು ಕುಡಿಯಲಿ ಅಂತ ಗೇಟು ತೆರೆದಿಟ್ಟು, ಬೇಲಿ ರಿಪೇರಿಗೆ ನಾಲ್ಕು ದಿನ ಉತ್ತರದ ತುದಿಗೆ ಹೋಗಿದ್ದರು. ಯಜಮಾನ ಮರ್ವಿನ್ ಸ್ಟ್ರಾಹನ್ ಹೆಂಡತಿಯ ಕಣ್ಣಿನ ಆಪರೇಷನ್ ಅಂತ ಪೇಟೆಯಲ್ಲಿದ್ದರು. ಕ್ಲೈವ್ ವಾಪಸಾದಾಗ ಗೇಟಿನ ಈಚೆ ಅರವತ್ತೆರಡು ದನ ಸತ್ತು ಬಿದ್ದಿದ್ದವು. ಕೆಲವು ಸರಪಳಿಗೆ ಮೂತಿ ಒತ್ತಿಕೊಂಡೇ ಸತ್ತಿದ್ದವು.

ತಾನು ತೆರೆದಿಟ್ಟೇ ಹೋಗಿದ್ದೆ ಅಂದರು ಕ್ಲೈವ್. ಪೇಟೆಯ ಜನ ಗೇಟು ತೆರೆದು ಬಿಡುತ್ತಾರೆಯೇ ಹೊರತು ಆ ಸೋಮಾರಿಗಳು ಇಳಿದು ಮುಚ್ಚಿದ್ದನ್ನು ನಾನು ಕಂಡಿಲ್ಲ ಅಂದರು ಮರ್ವಿನ್. ಮುಂದಿನ ವಾರ ಟಪಾಲು ತಂದ ಗ್ಲೆನಿಸ್‌ರನ್ನೇ ಸಾಕ್ಷಿ ಕೇಳಿದರು. ಕ್ಲೈವ್ ಅಲ್ಲೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ನಾನು ಬಂದಾಗ ಮುಚ್ಚೇ ಇತ್ತು ಅಂದ್ಬಿಟ್ಟೆ," ಅನ್ನುತ್ತಾರೆ ಗ್ಲೆನಿಸ್. "ಯೋಚ್ನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಬಂತು. ಆಮೇಲೆ ವಾಪಸ್ ತಗೊಳ್ಳೋಕೆ ಎಂಟು ವರ್ಷ ಬೇಕಾಯ್ತು."

ಇಪ್ಪತ್ತು ವರ್ಷ ದುಡಿದ ಜಾಗದಿಂದ ಕ್ಲೈವ್ ಆ ಸಂಜೆಯೇ ಹೊರಟರು. ದನಗಳನ್ನು ಬಾಯಾರಿಸಿ ಕೊಂದವನು ಅನ್ನುವ ಹೆಸರು ಅವರಿಗಿಂತ ಮೊದಲೇ ಹೋಗಿ ಎಲ್ಲ ಸ್ಟೇಷನ್ನುಗಳನ್ನೂ ಮುಟ್ಟಿತ್ತು. ದನದ ಕೆಲಸ ಮತ್ತೆ ಸಿಗಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಅವರಿಂದ ಮರ್ವಿನ್ ಹೆಸರಿಗೆ ಒಂದು ಕಾರ್ಡು ಬರುತ್ತಿತ್ತು. ಮರ್ವಿನ್ ಒಡೆಯದೆ, ಮೇಲೆ ಗೀಟು ಹಾಕಿ ವಾಪಸ್ ಚೀಲಕ್ಕೆ ಎಸೆಯುತ್ತಿದ್ದರು. ಒಯ್ದು ಕೊಟ್ಟವರೂ ಗ್ಲೆನಿಸ್, ವಾಪಸ್ ತಂದವರೂ ಗ್ಲೆನಿಸ್. ಹೀಗೆ ಏಳು ಸಲ. ಕಳೆದ ಕ್ರಿಸ್‌ಮಸ್‌ಗೆ ಕಾರ್ಡು ಬರಲಿಲ್ಲ. ಸತ್ತೇಹೋದರೇನೋ ಅಂತ ಗ್ಲೆನಿಸ್ ಹೆದರಿದರು. ವಿಚಾರಿಸಿದರೆ ಏಳುನೂರು ಕಿಲೋಮೀಟರ್ ಆಚೆ ಒಂದು ಪೆಟ್ರೋಲ್ ಬಂಕಿನ ಹಿಂದೆ ತಗಡಿನ ಗಾಡಿಮನೆಯಲ್ಲಿ ಇದ್ದಾರೆ, ಸೌದೆ ಒಡೆಯುತ್ತಿದ್ದರು, ಈಗ ಕೈ ನಡುಗಿ ಪೆನ್ನು ಹಿಡಿಯಲಾಗುವುದಿಲ್ಲ ಅಂತ ತಿಳಿಯಿತು.

ಮೂರು ವಾರದ ಹಿಂದೆ ಗ್ಲೆನಿಸ್ ಮರ್ವಿನ್‌ಗೆ ಎಲ್ಲವನ್ನೂ ಹೇಳಿದರು. ಮರ್ವಿನ್ ಚೀಲ ತೆಗೆದುಕೊಂಡು ಒಳಗೆ ಹೋದರು. ಮುಂದಿನ ಎರಡು ವಾರ ಹೊರಗೇ ಬರಲಿಲ್ಲ. ಬಾಗಿಲಲ್ಲಿ ಒಂದು ಖಾಲಿ ಡ್ರಮ್ಮು ಇಟ್ಟು ಟಪಾಲು ಅದರಲ್ಲೇ ಹಾಕಲಿ ಅಂತ ಬಿಟ್ಟಿದ್ದರು. ಹತ್ತೊಂಬತ್ತು ವರ್ಷ ಟೀ, ಬೆಣ್ಣೆ ಹಚ್ಚಿದ ಬಿಸಿ ಬನ್ನು ಕೊಟ್ಟ ಮನೆ ಅದು.

ಇವತ್ತು ಗೇಟು ದಾಟಿ ಮನೆಗೆ ಬಂದರೆ ಮರ್ವಿನ್ ಬಾಗಿಲಲ್ಲೇ ನಿಂತಿದ್ದಾರೆ. ಎಪ್ಪತ್ತೆಂಟರ ಮುದುಕ, ಗಡ್ಡ ಹೆರೆದಿಲ್ಲ. ಟಪಾಲಿನ ಕಡೆ ನೋಡುವುದೂ ಇಲ್ಲ.

"ಬರೆಯೋಣ ಅಂತ ಕೂತೆ, ಬರಲಿಲ್ಲ," ಅನ್ನುತ್ತಾರೆ. "ನೀನೇ ಹೋಗಿ ಹೇಳು. ಸುಳ್ಳು ನಿಂದು."

"ಹೋಗ್ತೀನಿ ಮರ್ವಿನ್."

"ನಂದೂ ಒಂದು ಹೇಳು. ಅವನ ಮಾತು ನಂಬೋದಿರ್ಲಿ, ಕಾರ್ಡ್ ಕೂಡ ನಾನು ಒಡೀಲಿಲ್ಲ ಅಂತ."

ಇಷ್ಟು ಹೇಳಿ ಒಳಗೆ ಹೋಗುತ್ತಾರೆ. ಟೀ ಕೊಡುವುದಿಲ್ಲ. ಗ್ಲೆನಿಸ್ ಗಾಡಿ ತಿರುಗಿಸುತ್ತಾರೆ. ಮುಂದಿನ ಸ್ಟೇಷನ್ನಿನಲ್ಲಿ ಕೇಕಿಗೆ ಕಾಯುತ್ತಿದ್ದಾರೆ.

ದಿಬ್ಬದ ಬುಡದಲ್ಲಿ ಲೋ ಗೇರಿಗೆ ಹಾಕಿ, ವೇಗ ಕಳೆಯದಂತೆ, ಬ್ರೇಕು ಮುಟ್ಟದೆ ಏರಿಸುತ್ತಾರೆ. ತುದಿಯಲ್ಲಿ ಆಕಾಶ ಬಿಟ್ಟು ಏನೂ ಕಾಣದ ಆ ಒಂದು ಗಳಿಗೆಯಲ್ಲೂ ಕೈ ಅಲುಗುವುದಿಲ್ಲ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ, ಹೆಸರು ಬದಲಿಸಲೇ ಎಂದು ಕೇಳಿದರೆ ಸಿಡುಕುತ್ತಾರೆ. "ನನ್ ಹೆಸರು ಹಾಕು. ಅವನ್ದೂ ಹಾಕು, ಕ್ಲೈವ್ ಪೆಡ್ಲರ್, ಸರಿಯಾಗಿ. ಗೇಟು ತೆರೆದೇ ಇಟ್ಟಿದ್ದ ಅಂತ ದಪ್ಪಕ್ಷರದಲ್ಲಿ ಹಾಕು. ಒಂಬತ್ತು ಸ್ಟೇಷನ್ನಿಗೂ ನಿಮ್ ಪೇಪರ್ ಒಯ್ಯೋಳು ನಾನೇ."

ಮುಂದಿನ ವಾರ ಟಪಾಲು ಗಾಡಿಯನ್ನು ಬೇರೆಯವರು ಓಡಿಸುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಗ್ಲೆನಿಸ್ ಕೇಳಿದ ಮೊದಲ ರಜೆ. ಏಳುನೂರು ಕಿಲೋಮೀಟರಿನಲ್ಲಿ ಅರ್ಧ ಡಾಂಬರು, ಅವರಿಗೆ ಅದು ಯಾವ ಲೆಕ್ಕ. ಆದರೂ ಈ ದಾರಿಯಲ್ಲಿ ಯಾವುದಕ್ಕೂ ಹೆದರದ ಹೆಂಗಸು ಆ ಪ್ರಯಾಣಕ್ಕೆ ಹೆದರಿದ್ದಾರೆ. ಕ್ಲೈವ್ ಬೈದಾರು ಅಂತ ಹೆದರಿಕೆಯೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

"ಬೈದ್ರೆ ಬೈಸ್ಕೋತೀನಿ. ಅವನು ಬೈಯೋ ಪೈಕಿ ಅಲ್ಲ. ಅಷ್ಟು ದೂರದಿಂದ ಬಂದಿದ್ದೀಯಾ, ಕೂತ್ಕೋ ಗ್ಲೆನಿಸ್, ಟೀ ಇಡ್ತೀನಿ ಅಂತಾನೆ. ಆ ನಡುಗೋ ಕೈಯಲ್ಲಿ ಕಪ್ಪು ತಂದು ಕೊಡ್ತಾನೆ ನೋಡು, ಆಗ ನಾನು ಎಲ್ಲಿ ನೋಡ್ಲಿ?"